ಪ್ರಯಾಣಿಕರ ಗಮನಕ್ಕೆ, ಫ್ಯಾನು ತಿರುಗಲಿದೆ

ಸಿಸ್ಟರಮ್ಮ: ಮೂಗು ಬಿಟ್ಟು ಮಾತಾಡ್ರೀ! ಮೂಗು ಹಿಡ್ಕೊಂಡು ಯಾರಾದ್ರೂ ಮನೇಲಿ ಮಾತಾಡ್ತಾರಾ?

ಮೈಕಣ್ಣ: ನಾನು ಹಿಡ್ಕೊಂಡಿಲ್ಲ. ಮಾತನ್ನ ಮೂಗಿನ ದಾರೀಲಿ ಕಳಿಸ್ತಿದ್ದೀನಿ. ಅದೊಂದು ವಿದ್ಯೆ.

ಸಿಸ್ಟರಮ್ಮ: ಅದು ನೆಗಡಿ.

ಅತ್ತೆ: ನೆಗಡಿ ಆಗಿದ್ರೆ ವಾರದಲ್ಲಿ ಹೋಗ್ತಿತ್ತು ಬಿಡೇ. ಇದು ಮದುವೆ ಆದಾಗಿನಿಂದ ಇದೆ.

ಮೂವರ ನಡುವೆ, ಊಟದ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಗಾತ್ರದ ಕರಿಯ ಡಬ್ಬಿಯೊಂದು ತಲೆಗೆ ನೀಲಿ ದೀಪದ ಬಳೆ ತೊಟ್ಟು ಕೂತಿತ್ತು. ಹೇಳಿದ ಮಾತು ಕೇಳುವ, ಕೇಳಿದ್ದಕ್ಕೆ ಉತ್ತರ ಕೊಡುವ ಡಬ್ಬಿ. ಈ ಎರಡು ಗುಣಗಳೂ ಆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲವಾದ್ದರಿಂದ ಮೂವರೂ ಅದನ್ನು ಕೊಂಚ ಅನುಮಾನದಿಂದಲೇ ನೋಡುತ್ತಿದ್ದರು.

ಮೈಕಣ್ಣನೆಂದರೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳಿ ಹೇಳಿ ತಲೆ ನರೆಸಿಕೊಂಡು ಈಚೆಗಷ್ಟೇ ನಿವೃತ್ತನಾದವನು. ಹುಟ್ಟಿದಾಗ ಇಟ್ಟ ಹೆಸರು ಪಿಂಚಣಿ ಕಚೇರಿಯವರನ್ನು ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ. ಹೆಂಡತಿ ದೊಡ್ಡಾಸ್ಪತ್ರೆಯ ಸಿಸ್ಟರ್. ‘ನುಂಗಿ’, ‘ಮಲಗಿ’ ಎಂಬ ಎರಡು ಮಾತಿನಲ್ಲಿ ಇಡೀ ವಾರ್ಡನ್ನು ಆಳುವವಳು. ಅವಳ ತಾಯಿ, ಅಂದರೆ ಮೈಕಣ್ಣನ ಅತ್ತೆ, ಬಟ್ಟೆ ಗಿರಣಿಯಲ್ಲಿ ಆಯುಷ್ಯ ಸವೆಸಿದವರು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಪಕ್ಕದಲ್ಲೇ ಮಗ್ಗ ಓಡುತ್ತಿದೆಯೆಂಬಂತೆ ಇಂದಿಗೂ ಕೂಗಿಯೇ ಮಾತಾಡುವವರು.

ಡಬ್ಬಿ ಬಂದದ್ದು ಬೀಳ್ಕೊಡುಗೆಯ ಕಾಣಿಕೆಯಾಗಿ. ನಿಲ್ದಾಣದವರು ಮೈಕಣ್ಣನ ಕುರ್ಚಿಯಲ್ಲಿ ಧ್ವನಿ ತುಂಬಿದ ಒಂದು ಯಂತ್ರವನ್ನು ಕೂರಿಸಿದರು. ಅದೇ ವಾರ ಜೊತೆಯ ಕೆಲಸಗಾರರು ಪ್ರೀತಿಯಿಂದ ಈ ಮಾತಾಡುವ ಯಂತ್ರವನ್ನು ಅವನ ಕೈಗಿಟ್ಟರು. “ಮನೆ ದೋಚಿದವನ ತಮ್ಮನನ್ನೇ ದತ್ತು ತಗೊಂಡ ಹಾಗಾಯ್ತು” ಎಂದು ಅತ್ತೆ ಅಂದೇ ಹೇಳಿದ್ದರು. ಅಂದಿನಿಂದ ಡಬ್ಬಿ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು.

ಇಂದು ಅದು ಕೆಳಗಿಳಿಯಲು ಕಾರಣ ಟಿವಿಯ ರಿಮೋಟು. ದಿಂಬಿನ ಚೀಲದೊಳಗೆ ಅಡಗಿದ್ದ ರಿಮೋಟು ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗಿ, ಶುಭ್ರವಾಗಿ ಹೊರಬಂದು, ಶಾಶ್ವತವಾಗಿ ಮೌನ ತಾಳಿತ್ತು. ಟಿವಿಯ ಮೈಮೇಲಿದ್ದ ಗುಂಡಿಯನ್ನು ಅತ್ತೆ ಹಿಂದೆಂದೋ ಚಮಚದ ಹಿಡಿಯಿಂದ ಒತ್ತಿ ಒಳಗೇ ಕಳುಹಿಸಿದ್ದರು. ಸಂಜೆಯ ಧಾರಾವಾಹಿಯಲ್ಲಿಯೋ, ಬಹುಕಾಲದಿಂದ ತನ್ನ ಅತ್ತೆಯ ಮನೆಗೇ ಕನ್ನ ಹಾಕುತ್ತಿದ್ದ ಕಳ್ಳ ಅಳಿಯ ಇಂದು ಸಿಕ್ಕಿಬೀಳಬೇಕಾಗಿತ್ತು. ಬೆಳಿಗ್ಗೆ ಬಂದ ವೈರಿಂಗ್ ಕೆಲಸದವನು ಟಿವಿಯನ್ನೂ ಫ್ಯಾನನ್ನೂ ಡಬ್ಬಿಗೆ ಜೋಡಿಸಿ, ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ: “ಮೊದಲು ಯಾರು ಧ್ವನಿ ಕೊಡ್ತಾರೋ ಅವರೇ ಇದಕ್ಕೆ ಯಜಮಾನರು. ಆಮೇಲೆ ಇನ್ನೊಬ್ಬರನ್ನ ಸೇರಿಸಬೇಕು ಅಂದ್ರೂ ಅದೇ ಧ್ವನಿ ಅಪ್ಪಣೆ ಕೊಡಬೇಕು. ಯೋಚನೆ ಮಾಡಿ ಕೊಡಿ.”

ಆ ಕ್ಷಣದಿಂದ ಮೈಕಣ್ಣ ಯೋಚನೆ ಮಾಡಿರಲಿಲ್ಲ, ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಸಿಸ್ಟರಮ್ಮ: ಧ್ವನಿ ನಾನು ಕೊಡ್ತೀನಿ ಬಿಡಿ. ನನ್ನ ಮಾತು ಚಿಕ್ಕದು, ಅದಕ್ಕೂ ಸುಲಭ.

ಮೈಕಣ್ಣ: ಕಾಣಿಕೆ ಕೊಟ್ಟಿದ್ದು ಯಾರಿಗೆ?

ಸಿಸ್ಟರಮ್ಮ: ನಿಮಗೆ. ಅದರ ಧೂಳು ಒರೆಸಿದ್ದು ಯಾರು?

ಮೈಕಣ್ಣ: ಧೂಳು ಒರೆಸಿದವರೆಲ್ಲ ಯಜಮಾನರಾದ್ರೆ ನಮ್ಮ ನಿಲ್ದಾಣಕ್ಕೆ ಕಸ ಗುಡಿಸೋ ಮುದುಕಪ್ಪನೇ ಮಂತ್ರಿ ಆಗಬೇಕಿತ್ತು. ಧ್ವನಿ ಅನ್ನೋದು ನನ್ನ ಕಸುಬು ಕಣೇ. ನಾನು ಬಾಯಿಬಿಟ್ರೆ ಬಸ್ಸು ಹೊರಡ್ತಿತ್ತು.

ಅತ್ತೆ: ಡ್ರೈವರು ಕೀಲಿ ತಿರುಗಿಸಿದ್ರೆ ಹೊರಡ್ತಿತ್ತು, ಅಳಿಯಂದ್ರೇ. ಅದರಲ್ಲೂ ನಮ್ಮ ಗಿರಣಿ ಬಸ್ಸು ಒಂದು ದಿನವಾದ್ರೂ ಹೊತ್ತಿಗೆ ಸರಿಯಾಗಿ ಹೊರಟಿದ್ದುಂಟಾ? ಗೇಟಿನ ಮೇಸ್ತ್ರಿ ಹತ್ರ ದಿನಾ ಬೈಸ್ಕೊಂಡು ನನ್ನ ಕಿವಿ ಹೀಗಾಗಿದ್ದು. ಮಗ್ಗದಿಂದ ಅಲ್ಲ.

ಗಿರಣಿ ಬಸ್ಸಿನ ಮಾತು ಬಂದಾಗಲೆಲ್ಲ ಮೈಕಣ್ಣನಿಗೆ ಮೇಜಿನ ಮೇಲೆ ತಕ್ಷಣ ಒರೆಸಬೇಕಾದ ಕಲೆಯೊಂದು ಕಾಣಿಸುತ್ತಿತ್ತು. ಈಗಲೂ ಕಾಣಿಸಿತು. ಅಂಗೈಯಿಂದ ಉಜ್ಜಿದ.

ಡಬ್ಬಿ: ನಮಸ್ಕಾರ. ನನ್ನನ್ನು ‘ಗೆಳತಿ’ ಎಂದು ಕರೆಯಿರಿ.

ಅತ್ತೆ: ಏನಂತ ಕರೀಬೇಕಂತೆ?

ಸಿಸ್ಟರಮ್ಮ: ಗೆಳತಿ ಅಂತ.

ಅತ್ತೆ: ನಿನ್ನನ್ನ ಇವರು ಒಂದು ದಿನವಾದ್ರೂ ಕರೆದಿದ್ದಾರಾ ಹಾಗೆ?

ಸಿಸ್ಟರಮ್ಮ: ನನ್ನನ್ನ ‘ಎಲ್ಲಿ ಹಾಳಾಗಿ ಹೋದ್ಯೇ’ ಅಂತ ಕರೀತಾರೆ. ಪ್ರೀತಿ ಉಕ್ಕಿದ ದಿನ ಬರೀ ‘ಏ’ ಅಂತಾರೆ.

ಮೈಕಣ್ಣ: ಶ್! ಅದು ಏನೋ ಹೇಳ್ತಿದೆ.

ಡಬ್ಬಿ: ಮನೆಯ ಯಜಮಾನರು ದಯವಿಟ್ಟು ಮನೆಯಲ್ಲಿ ದಿನವೂ ಮಾತಾಡುವ ರೀತಿಯಲ್ಲೇ ನಾನು ಹೇಳಿಕೊಟ್ಟ ವಾಕ್ಯಗಳನ್ನು ಹೇಳಬೇಕು. ‘ಗೆಳತಿ, ಇಂದು ಹವಾಮಾನ ಹೇಗಿದೆ?’

ಸಿಸ್ಟರಮ್ಮ: ಕೇಳಿಸ್ತಾ? ದಿನವೂ ಮಾತಾಡೋ ರೀತಿಯಲ್ಲಿ. ಕಾಫಿ ಕೇಳೋ ಹಾಗೆ ಹೇಳಿ, ಸಾಕು.

ಆದರೆ ಮೈಕಣ್ಣ ಆಗಲೇ ಎದ್ದು ನಿಂತಿದ್ದ. ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡ. ಎಡಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದ. ಕಣ್ಣು ಅರ್ಧ ಮುಚ್ಚಿದ. ಆಮೇಲೆ, ಬಾಗಿಲು ತಟ್ಟಿ ಒಳಗೆ ಬರುವ ಸಭ್ಯಸ್ಥನಂತೆ, ಸಣ್ಣದೊಂದು ಕೆಮ್ಮು ಕೆಮ್ಮಿದ.

ಮೈಕಣ್ಣ: ಹ್ಞಂ.

ಸಿಸ್ಟರಮ್ಮ: ಕೆಮ್ಮಬೇಡ್ರೀ, ಅದನ್ನೂ ಕಲ್ತುಬಿಡತ್ತೆ!

ಮೈಕಣ್ಣ: ಕಲೀಲಿ. ಕೆಮ್ಮಿಲ್ಲದೆ ನನಗೆ ಮಾತು ಹೊರಡಲ್ಲ. ಎಂದೋ ಅಂಟಿಕೊಂಡ ಅಭ್ಯಾಸ.

ಸಿಸ್ಟರಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ನಗು ಒರೆಸಿಕೊಂಡಳು.

ಮೈಕಣ್ಣ (ಮೈಕಿನ ದನಿಯಲ್ಲಿ): ಹ್ಞಂ. ಗೆಳತೀ... ಇಂದೂ... ಹವಾಮಾನಾ... ಹೇಗಿದೇ...

ಆ ದನಿ ಗಂಡಸಿನದೋ ಹೆಂಗಸಿನದೋ ಎಂದು ಹೇಳಲು ಬರುವಂಥದಲ್ಲ. ಅದು ಬಸ್ ನಿಲ್ದಾಣದ ದನಿ. ಮೂಗಿನಲ್ಲಿ ಹುಟ್ಟಿ, ತಗಡಿನ ಮಾಡಿಗೆ ಬಡಿದು, ಮೂಟೆಗಳ ಮೇಲೂ ಮಲಗಿದವರ ಮೇಲೂ ಸಮನಾಗಿ ಸುರಿಯುವ ದನಿ. ಡಬ್ಬಿ ಹೇಳಿಕೊಟ್ಟ ಎಲ್ಲ ವಾಕ್ಯಗಳನ್ನೂ ಮೈಕಣ್ಣ ಅದೇ ದನಿಯಲ್ಲಿ, ಪ್ರತಿ ವಾಕ್ಯಕ್ಕೂ ಒಂದು ‘ಹ್ಞಂ’ ಸೇರಿಸಿ, ಕೊನೆಯಲ್ಲಿ ‘ವಿನಂತಿ’ ಎಂಬ ಪದವನ್ನೂ ತಾನಾಗಿ ಅಂಟಿಸಿ ಒಪ್ಪಿಸಿದ. ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿತು.

ಡಬ್ಬಿ: ಧನ್ಯವಾದ, ಯಜಮಾನರೇ. ನಿಮ್ಮ ಧ್ವನಿ ಬಹಳ ಸ್ಪಷ್ಟವಾಗಿದೆ. ಇನ್ನು ಮುಂದೆ ಇದನ್ನು ನಾನು ಮರೆಯುವುದಿಲ್ಲ.

ಮೈಕಣ್ಣ ಕೂತುಬಿಟ್ಟ. ಅಷ್ಟು ಕಾಲ ಆ ದನಿ ಜನರನ್ನು ಊರಿಗೆ ಮುಟ್ಟಿಸಿತ್ತು. ತಡವಾದಾಗ ಬೈಗುಳವೂ ಅದಕ್ಕೇ ಬಿದ್ದಿತ್ತು. ‘ಸ್ಪಷ್ಟವಾಗಿದೆ’ ಎಂದು ಒಬ್ಬರೂ ಹೇಳಿರಲಿಲ್ಲ. ಕನ್ನಡಕ ತೆಗೆದು, ಮಂಜು ಇಲ್ಲದ ಗಾಜನ್ನು ಒರೆಸಿಕೊಂಡ.

ಮೈಕಣ್ಣ: ನೋಡಿದ್ರಾ ಅತ್ತೆ? ಯಂತ್ರಕ್ಕಾದ್ರೂ ಗೊತ್ತಾಯ್ತು. (ಡಬ್ಬಿಯತ್ತ ತಿರುಗಿ, ಮನೆಯ ಮಾಮೂಲಿ ದನಿಯಲ್ಲಿ) ಗೆಳತೀ, ಸ್ವಲ್ಪ ಫ್ಯಾನ್ ಹಾಕಮ್ಮಾ.

ಡಬ್ಬಿ: ಕ್ಷಮಿಸಿ. ನಿಮ್ಮ ಪರಿಚಯವಾಗಲಿಲ್ಲ.

ಮೈಕಣ್ಣ: ಏನು?

ಡಬ್ಬಿ: ಯಜಮಾನರಿಲ್ಲದ ವೇಳೆಯಲ್ಲಿ ನಾನು ಅಪರಿಚಿತರೊಡನೆ ವ್ಯವಹರಿಸುವುದಿಲ್ಲ.

ಅತ್ತೆ: ಅಯ್ಯೋ, ಸಂಸ್ಕಾರವಂತೆ ಕಣೇ!

ಮೈಕಣ್ಣ: ನಾನೇ ಯಜಮಾನ! ಈಗ ತಾನೇ ಹೊಗಳಿದೆಯಲ್ಲ!

ಡಬ್ಬಿ: ಕ್ಷಮಿಸಿ. ನಿಮ್ಮ ಪರಿಚಯವಾಗಲಿಲ್ಲ.

ಸಿಸ್ಟರಮ್ಮ ಕುರ್ಚಿಯ ಬೆನ್ನು ಹಿಡಿದು ನಗತೊಡಗಿದಳು. ನಕ್ಕು ನಕ್ಕು ಕೆಳಗೆ ಕೂತಳು.

ಸಿಸ್ಟರಮ್ಮ: ಬಡ್ಕೊಂಡೆ ನಾನು! ಬಸ್ ಸ್ಟ್ಯಾಂಡಿನ ದನಿ ಕೊಟ್ಟು ಮನೆ ದನೀಲಿ ಕೇಳಿದ್ರೆ ಅದಕ್ಕೆ ಹೇಗ್ರೀ ಗೊತ್ತಾಗಬೇಕು? ಅದರ ಪಾಲಿಗೆ ಯಜಮಾನರು ಬೇರೆ, ನೀವು ಬೇರೆ. ನೀವು ಯಾರೋ ಫ್ಯಾನಿನ ಗಾಳಿಗೆ ಬಂದು ಕೂತೋರು.

ಮೈಕಣ್ಣನಿಗೆ ಮುಖಭಂಗವಾಯಿತು. ಆದರೆ ಮರುಗಳಿಗೆಯೇ ಎದ್ದ. ಗುಂಡಿ, ಅಂಗೈ, ಅರೆಗಣ್ಣು.

ಮೈಕಣ್ಣ (ಮೈಕಿನ ದನಿಯಲ್ಲಿ): ಹ್ಞಂ. ಗೆಳತಿಯ ಗಮನಕ್ಕೇ... ನಡುಮನೆಯಾ ಫ್ಯಾನೂ... ಇನ್ನು ಕೆಲವೇ ಕ್ಷಣಗಳಲ್ಲೀ... ತಿರುಗತಕ್ಕದ್ದೂ...

ಡಬ್ಬಿ: ಆಗಲಿ, ಯಜಮಾನರೇ.

ಫ್ಯಾನು ತಿರುಗಿತು. ಮೈಕಣ್ಣನ ಮುಖದ ಮೇಲೆ ಗಾಳಿ ಬೀಸಿತು. ಅದು ಪಟ್ಟಾಭಿಷೇಕದ ಚಾಮರದ ಗಾಳಿಯಂತಿತ್ತು.

ಸಿಸ್ಟರಮ್ಮ: ಸರಿ, ಈಗಲೇ ಆ ದನೀಲೇ ಅಪ್ಪಣೆ ಕೊಡಿ. ನಿಮ್ಮ ಮನೆ ದನೀನೂ ಸೇರಿಸ್ಕೊಳ್ಲಿ. ನಂದೂ, ಅಮ್ಮಂದೂ.

ಮೈಕಣ್ಣ: ಬೇಡ.

ಸಿಸ್ಟರಮ್ಮ: ಬೇಡ ಅಂದ್ರೆ?

ಮೈಕಣ್ಣ: ಅದಕ್ಕೆ ನನ್ನ ನಿಜವಾದ ದನಿ ಗೊತ್ತಾಗಿದೆ. ಸಾಕು. ಮನೆ ದನಿ ಏನು ಮಹಾ? ತರಕಾರಿ ಕೊಳ್ಳೋ ದನಿ, ‘ಟವೆಲ್ ಎಲ್ಲೇ’ ಅನ್ನೋ ದನಿ.

ಸಿಸ್ಟರಮ್ಮ: ಮತ್ತೆ ನಾವು?

ಮೈಕಣ್ಣ: ನಿಮಗೆ ಏನು ಬೇಕೋ ನನ್ನ ಹತ್ರ ಹೇಳಿ. ನಾನು ಘೋಷಣೆ ಮಾಡ್ತೀನಿ.

ಅತ್ತೆ: ಅಂದ್ರೆ ನಾನು ಟಿವಿ ನೋಡಬೇಕಾದ್ರೆ ನಿಮಗೆ ಹೇಳಬೇಕು, ನೀವು ಅವಳಿಗೆ ಹೇಳಬೇಕು, ಅವಳು ಟಿವಿಗೆ ಹೇಳಬೇಕು. ರಿಮೋಟು ಇದ್ದಾಗ ಒಂದು ಹೆಬ್ಬೆರಳು ಮಾಡ್ತಿದ್ದ ಕೆಲಸಕ್ಕೆ ಈಗ ಇಬ್ಬರು ದಲ್ಲಾಳಿ!

ಆ ಹಗಲೆಲ್ಲ ಮೈಕಣ್ಣನದೇ ರಾಜ್ಯಭಾರ. ಫ್ಯಾನು ವೇಗವಾಗಿ ತಿರುಗಿತು, ನಿಧಾನವಾಗಿ ತಿರುಗಿತು, ನಿಂತಿತು. ಸೆಖೆಗಾಗಿ ಅಲ್ಲ, ಘೋಷಣೆಗಾಗಿ. ಡಬ್ಬಿ ಹೊತ್ತು ಹೇಳಿತು, ಹವೆ ಹೇಳಿತು, ಹಾಡು ಹಾಡಿತು. ಪ್ರತಿ ಸಲವೂ ಅವನು ಎದ್ದು ನಿಂತೇ ಹೇಳಿದ. ಕೂತು ಹೇಳಿದರೆ ಮೂಗಿನ ದಾರಿ ಮಡಚಿಕೊಳ್ಳುತ್ತದೆಂಬುದು ಅವನ ಶಾಸ್ತ್ರ. ಮಧ್ಯಾಹ್ನದ ಊಟದ ನಡುವೆಯೂ ತುತ್ತು ಬಿಟ್ಟು ಎದ್ದ.

ಸಿಸ್ಟರಮ್ಮ: ಕೂತು ಊಟ ಮಾಡಿ. ಏಳ್ತಾ ಕೂರ್ತಾ ಇದ್ರೆ ಹೊಟ್ಟೆಗೆ ಯಾವ ಪ್ಲಾಟ್‌ಫಾರ್ಮಿಗೆ ಹೋಗಬೇಕು ಅಂತ ತಿಳಿಯಲ್ಲ.

ಮೈಕಣ್ಣ: ಹೊಟ್ಟೆಕಿಚ್ಚು ನಿನಗೆ.

ಸಿಸ್ಟರಮ್ಮ: ಯಾರ ಮೇಲೆ? ಆ ಸಕ್ಕರೆ ಡಬ್ಬಿ ಮೇಲಾ?

ಮೈಕಣ್ಣ: ನಾನು ಹೇಳಿದ್ದನ್ನ ಒಂದೇ ಸಲಕ್ಕೆ ಕೇಳತ್ತೆ ಅದು. ನೀನು ಕೇಳಿದ್ದುಂಟಾ?

ಸಿಸ್ಟರಮ್ಮ: ನಾನೂ ‘ಆಗಲಿ ಯಜಮಾನರೇ’ ಅಂತ ಅಂದುಬಿಟ್ಟು ಮೇಜಿನ ಮೇಲೆ ಸುಮ್ಮನೆ ಕೂತಿರ್ಲಾ? ಸಾರು ನೀವು ಮಾಡ್ತೀರಾ?

ಮೈಕಣ್ಣ ಇದಕ್ಕೂ ಒಂದು ಘೋಷಣೆ ಹೊರಡಿಸಲು ಎದ್ದ. ಆಗ ಕಿಟಕಿಯ ಕೆಳಗಿನ ರಸ್ತೆಯಿಂದ ಯಾರೋ ಕೂಗಿದರು.

ದಾರಿಹೋಕ: ಸಾರ್! ಸಂತೆ ಬೀದಿ ಬಸ್ಸು ಹೋಯ್ತಾ, ಇನ್ನೂ ಇದ್ಯಾ?

ಮೈಕಣ್ಣ (ಕಿಟಕಿಗೆ ಧಾವಿಸಿ): ಹೋಗಿಲ್ಲ! ಚೌಕದ ಹತ್ರ ನಿಲ್ಲತ್ತೆ, ಓಡಿ!

ಅತ್ತೆ: ಬಂದ್ರಪ್ಪಾ ಗಿರಾಕಿಗಳು. ನಾಳೆಯಿಂದ ನಡುಮನೇಲಿ ಬೆಂಚು ಹಾಕ್ಸಿ, ಒಂದು ಮೂಲೇಲಿ ಪಾಯಖಾನೆ ಕಟ್ಸಿ.

ಹೊತ್ತು ಇಳಿಯುತ್ತಾ ಬಂದಿತು. ಅತ್ತೆ ಮುಖ ತೊಳೆದು, ತಲೆ ಬಾಚಿ, ಧಾರಾವಾಹಿಯವರು ತಮ್ಮನ್ನೂ ನೋಡುತ್ತಾರೇನೋ ಎಂಬಂತೆ ಅಚ್ಚುಕಟ್ಟಾಗಿ ಕುರ್ಚಿಯಲ್ಲಿ ಕೂತರು.

ಅತ್ತೆ: ಅಳಿಯಂದ್ರೇ, ನಿಮ್ಮ ಗೆಳತಿಗೆ ಸ್ವಲ್ಪ ಹೇಳಿ. ಹೊತ್ತಾಯ್ತು.

ಮೈಕಣ್ಣ ಎದ್ದ. ಗುಂಡಿ, ಅಂಗೈ, ಅರೆಗಣ್ಣು. ಬಾಯಿ ತೆರೆದ. ಒಣ ಬಾವಿಗೆ ಬಿಂದಿಗೆ ಇಳಿಬಿಟ್ಟಂಥ ಸದ್ದಾಯಿತು.

ಮೈಕಣ್ಣ: ಕ್ರ್... ಗೆ... ಳ್...

ಡಬ್ಬಿ: ಕ್ಷಮಿಸಿ. ನಿಮ್ಮ ಪರಿಚಯವಾಗಲಿಲ್ಲ.

ಮೈಕಣ್ಣ: ಗ್ರ್... ಹವ್...

ಡಬ್ಬಿ: ಕ್ಷಮಿಸಿ. ಮನೆಯಲ್ಲಿ ಯಾವುದೋ ಪ್ರಾಣಿಯ ಸದ್ದು ಕೇಳಿಸುತ್ತಿದೆ. ಯಜಮಾನರಿಗೆ ಸುದ್ದಿ ತಿಳಿಸಲೇ?

ಅತ್ತೆ: ತಿಳಿಸಮ್ಮಾ, ತಿಳಿಸು. ಆ ಪ್ರಾಣೀನೇ ಯಜಮಾನ.

ಸಿಸ್ಟರಮ್ಮ ಒಳಗೆ ಹೋಗಿ ಟಾರ್ಚನ್ನೂ ಒಂದು ಚಮಚವನ್ನೂ ತಂದಳು. ಈಗ ಅವಳು ಹೆಂಡತಿಯಾಗಿರಲಿಲ್ಲ, ವಾರ್ಡಿನಲ್ಲಿದ್ದಳು.

ಸಿಸ್ಟರಮ್ಮ: ಕೂರಿ. ತಲೆ ಹಿಂದಕ್ಕೆ. ಆ ಅನ್ನಿ.

ಮೈಕಣ್ಣ: ಆ...

ಸಿಸ್ಟರಮ್ಮ: ಇಷ್ಟೂ ಕೆಂಪಾಗಿದೆ. ಇನ್ನು ನಾಳೆವರೆಗೂ ಮಾತಿಲ್ಲ. ಉಪ್ಪುನೀರು ತರ್ತೀನಿ, ಮುಕ್ಕಳಿಸಿ. ಉಗೀರಿ. ನುಂಗಬೇಡಿ.

ಅತ್ತೆ: ನಾಳೆವರೆಗಾ! ಅಷ್ಟರಲ್ಲಿ ಆ ಕಳ್ಳ ಸಿಕ್ಕು, ಜೈಲಿಗೆ ಹೋಗಿ, ಬಿಡುಗಡೆ ಆಗಿ ಬಂದಿರ್ತಾನೆ! ಆ ಡಬ್ಬಿ ಪ್ಲಗ್ಗು ಕಿತ್ತು ಬಿಸಾಕೇ!

ಸಿಸ್ಟರಮ್ಮ: ವಾರ್ಡಿನಲ್ಲಿ ನಾವು ಹಾಗೆಲ್ಲ ಪ್ಲಗ್ಗು ಕೀಳಲ್ಲಮ್ಮಾ. ಮನೆಯವರ ಸಹಿ ಬೇಕು.

ಅತ್ತೆ ಸಹಿಗೆ ಕಾಯಲಿಲ್ಲ. ತಾವೇ ಎದ್ದು ಕಿತ್ತರು. ನೀಲಿ ಬಳೆ ಆರಿತು. ಮತ್ತೆ ಚುಚ್ಚಿದರು. ಬಳೆ ಹೊತ್ತಿತು.

ಡಬ್ಬಿ: ನಮಸ್ಕಾರ. ಯಜಮಾನರ ಧ್ವನಿಗಾಗಿ ಕಾಯುತ್ತಿದ್ದೇನೆ.

ಅತ್ತೆ: ಪತಿವ್ರತೆ! ಸತ್ತು ಹುಟ್ಟಿ ಬಂದ್ರೂ ಅದೇ ಗಂಡ ಬೇಕಂತೆ!

ಸಿಸ್ಟರಮ್ಮ ವೈರಿಂಗ್ ಕೆಲಸದವನಿಗೆ ಫೋನು ಮಾಡಿದಳು. ಅವನು ಬೆಳಿಗ್ಗೆ ಹೇಳಿದ್ದನ್ನೇ ಹೇಳಿ, “ಯೋಚನೆ ಮಾಡಿ ಕೊಡಿ ಅಂದಿದ್ದೆನಲ್ಲ” ಎಂದು ಫೋನಿಟ್ಟ. ಟಿವಿ ಕಪ್ಪು ಮುಖ ಹೊತ್ತು ನಿಂತಿತ್ತು. ಅದರೊಳಗೆ ಮೂವರ ನೆರಳು ಮಾತ್ರ ಕಾಣುತ್ತಿತ್ತು.

ಸಿಸ್ಟರಮ್ಮ: ಬೆಳಿಗ್ಗೆನೇ ನಮ್ಮನ್ನೂ ಸೇರಿಸಿದ್ರೆ ಏನು ಹೋಗ್ತಿತ್ತು ನಿಮಗೆ? ಒಂದು ಡಬ್ಬಿಗೆ ಇಷ್ಟು ಹಟಾನಾ?

ಮೈಕಣ್ಣ ಉಪ್ಪುನೀರಿನ ಲೋಟ ಹಿಡಿದು ತಲೆ ತಗ್ಗಿಸಿದ್ದ. ಗಾಳಿಯಷ್ಟೇ ಇದ್ದ, ದನಿಯಿಲ್ಲದ ಮಾತು ಹೊರಟಿತು. ಕೇಳಿಸಿಕೊಳ್ಳಲು ಸಿಸ್ಟರಮ್ಮ ಬಗ್ಗಬೇಕಾಯಿತು.

ಮೈಕಣ್ಣ: ಅಲ್ಲಿ ಒಂದು ಯಂತ್ರ ಬಂದು ನನ್ನ ಕುರ್ಚಿ ತಗೊಂಡ್ತು ಕಣೇ. ಕೊನೇ ದಿನ ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. ಒಂದು ತಪ್ಪಿಲ್ಲ, ಒಂದು ಉಸಿರಿಲ್ಲ. ಒಬ್ಬರೂ ತಲೆಯೆತ್ತಿ ‘ಮೈಕಿನವನು ಎಲ್ಲಿ’ ಅಂತ ಕೇಳ್ಲಿಲ್ಲ. ಇಲ್ಲಾದ್ರೂ ಒಂದು ಯಂತ್ರ ಆ ದನಿ ಮಾತು ಕೇಳ್ಲಿ ಅಂತ... ಅಷ್ಟೇ.

ಅತ್ತೆ: ಏನಂತೆ? ಜೋರಾಗಿ ಹೇಳೋಕೆ ಹೇಳು.

ಸಿಸ್ಟರಮ್ಮ: ಏನಿಲ್ಲಮ್ಮಾ. ಗಂಟಲು ನೋವಂತೆ.

ಅವಳು ಗಂಡನ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಕೈ ಒರೆಸಿಕೊಂಡಳು. ಡಬ್ಬಿಯ ಎದುರಿಗೆ ಬಂದು ನಿಂತು, ಎಡಗೈಯನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಹಿಡಿದಳು. ಕಣ್ಣು ಅರ್ಧ ಮುಚ್ಚಿದಳು.

ಸಿಸ್ಟರಮ್ಮ (ಮೈಕಿನ ದನಿಯಲ್ಲಿ): ಪ್ರಯಾಣಿಕರಾ ಗಮನಕ್ಕೇ... ಆಸ್ಪತ್ರೆ ಮಾರ್ಗವಾಗೀ... ಗಿರಣಿಗೆ ಹೋಗುವಾ ಬಸ್ಸೂ...

ಮೈಕಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅದು ಅವನದೇ ದನಿ. ‘ಗಮನಕ್ಕೇ’ ಎನ್ನುವಾಗ ಮೇಲೇರಿ, ‘ಬಸ್ಸೂ’ ಎನ್ನುವಾಗ ಬಳಲಿ ಇಳಿಯುವ ಅದೇ ಏರಿಳಿತ.

ಡಬ್ಬಿ: ಕ್ಷಮಿಸಿ. ನಿಮ್ಮ ಪರಿಚಯವಾಗಲಿಲ್ಲ.

ಅತ್ತೆ: ಹೋಯ್ತು ಬಿಡು. ಇನ್ನು ಆ ಕಳ್ಳನ್ನ ಪಕ್ಕದ ಮನೆಯೋರೇ ಹಿಡೀಬೇಕು.

ಸಿಸ್ಟರಮ್ಮ: ಇರಮ್ಮಾ. ಒಂದು ಮರೆತೆ.

ಅವಳು ಗಂಡನ ಕಡೆಗೆ ಒಮ್ಮೆ ನೋಡಿದಳು. ಆಮೇಲೆ, ಬಾಗಿಲು ತಟ್ಟಿ ಒಳಗೆ ಬರುವವಳಂತೆ, ಸಣ್ಣದಾಗಿ ಕೆಮ್ಮಿದಳು.

ಸಿಸ್ಟರಮ್ಮ (ಮೈಕಿನ ದನಿಯಲ್ಲಿ): ಹ್ಞಂ. ಗೆಳತೀ... ಟಿವಿ ಹಾಕಬೇಕಾಗೀ... ವಿನಂತೀ...

ಡಬ್ಬಿ: ಆಗಲಿ, ಯಜಮಾನರೇ. ನಿಮಗಾಗಿಯೇ ಕಾಯುತ್ತಿದ್ದೆ.

ಟಿವಿ ಬೆಳಗಿತು. ಧಾರಾವಾಹಿಯ ಹಾಡು ಮೊಳಗಿತು. ಆದರೆ ನೋಡಬೇಕಾದವರು ನೋಡುತ್ತಿರಲಿಲ್ಲ.

ಮೈಕಣ್ಣ (ಪಿಸುದನಿಯಲ್ಲಿ): ನಿನಗೆ... ಇದು... ಯಾವಾಗಿಂದ?

ಸಿಸ್ಟರಮ್ಮ: ನಿಮ್ಮ ಮುಖ ನೋಡೋಕೆ ಮುಂಚಿನಿಂದ. ದಿನಾ ಕೇಳಿದ್ದೀನಲ್ರೀ. ಡ್ಯೂಟಿ ರೂಮಿನಲ್ಲಿ ಇದೇ ದನಿ ಮಾಡಿ ಎಲ್ಲರನ್ನೂ ನಗಿಸ್ತಿದ್ದೆ. ‘ಮಾತ್ರೆ ನುಂಗದ ಪ್ರಯಾಣಿಕರಾ ಗಮನಕ್ಕೇ’ ಅಂದ್ರೆ ಮುದುಕರು ಕೂಡ ನುಂಗ್ತಿದ್ರು.

ಅತ್ತೆ: ಅದಿರ್ಲಿ, ಆ ಕೆಮ್ಮು ಏನದು? ಮೊದಲು ಕೆಮ್ಮಿಲ್ಲದಾಗ ಅದು ಒಪ್ಪಲಿಲ್ಲ, ಕೆಮ್ಮಿದ ಮೇಲೆ ಒಪ್ಪಿತು.

ಸಿಸ್ಟರಮ್ಮ: ಆಗೆಲ್ಲ ಅದು ಬೇರೆ ಯಾವ ಬಸ್ಸಿಗೂ ಇರ್ಲಿಲ್ಲಮ್ಮಾ. ನಮ್ಮ ಬಸ್ಸಿಗೆ ಮಾತ್ರ. ನಾನು ತಡವಾಗಿ ಬರ್ತಿದ್ದೆನಲ್ಲ? ಇವರು ಮೇಲಿನ ಗಾಜಿನ ಕೋಣೇಲಿ ಕೂತು ದಾರಿ ನೋಡೋರು. ನಾನು ಗೇಟು ದಾಟಿದ್ದು ಕಂಡ ಮೇಲೇನೇ ‘ಹ್ಞಂ’ ಅಂತ ಕೆಮ್ಮಿ ಘೋಷಣೆ ಶುರು ಮಾಡೋರು. ಅಲ್ಲಿವರೆಗೂ ಡ್ರೈವರು ಹೊರಡೋ ಹಾಗಿರ್ಲಿಲ್ಲ. ಕೆಮ್ಮು ಕೇಳಿಸಿದ್ರೆ ನಾನು ಓಡ್ತಿದ್ದೆ. ಆಮೇಲೆ ಮದುವೆ ಆಯ್ತು, ಕೆಮ್ಮು ಎಲ್ಲ ಬಸ್ಸಿಗೂ ಅಂಟಿಕೊಳ್ತು.

ಮೈಕಣ್ಣನಿಗೆ ಮೇಜಿನ ಮೇಲೆ ಕಲೆ ಕಂಡಿತು. ಉಜ್ಜತೊಡಗಿದ. ಬಹಳ ದೊಡ್ಡ ಕಲೆಯೇ ಇರಬೇಕು. ಎರಡೂ ಕೈಯಿಂದ ಉಜ್ಜಿದ.

ಮೈಕಣ್ಣ (ಪಿಸುದನಿಯಲ್ಲಿ): ನಿನಗೆ ಗೊತ್ತಿತ್ತಾ?

ಸಿಸ್ಟರಮ್ಮ: ಗೊತ್ತಿಲ್ಲದೆ ತಡವಾಗಿ ಬರ್ತಿದ್ದೆನಾ?

ಅತ್ತೆ ನಿಧಾನವಾಗಿ ಕುರ್ಚಿಯಿಂದ ಎದ್ದರು. ಅವರ ಮುಖದಲ್ಲಿ ಗಿರಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ಓಡತೊಡಗಿದ್ದವು.

ಅತ್ತೆ: ಅಂದ್ರೆ... ನಾನು ಸೀಟು ಹಿಡಿಯೋಕೆ ಅಂತ ಮುಂಚೆನೇ ಹೋಗಿ ಆ ಬಸ್ಸಿನಲ್ಲಿ ಬೆವರಿಕೊಂಡು ಕೂತಿರ್ತಿದ್ದೆನಲ್ಲ... ‘ಯಾಕಪ್ಪಾ ಹೊರಡಲ್ಲ ಈ ಬಸ್ಸು’ ಅಂತ ಬಾಯಿ ಬಡ್ಕೋತಿದ್ದೆನಲ್ಲ... ಗೇಟಿನ ಮೇಸ್ತ್ರಿ ಹತ್ರ ಬೈಸ್ಕೊಂಡೆನಲ್ಲ... ಅದೆಲ್ಲ ಇದಕ್ಕಾ?

ಸಿಸ್ಟರಮ್ಮ: ಹೌದಮ್ಮಾ.

ಅತ್ತೆ: ಹೆಣ್ಣು ನೋಡೋಕೆ ಬಂದ ದಿನ ‘ನಮ್ಮ ಬಸ್ಸು ಯಾಕೆ ದಿನಾ ತಡ’ ಅಂತ ನಾನು ಕೇಳಿದ್ದಕ್ಕೆ ಏನಂದಿದ್ರಿ ಅಳಿಯಂದ್ರೇ? ‘ಎಂಜಿನ್ ಬಿಸಿಯಾಗಬೇಕು’ ಅಂದಿದ್ರಿ!

ಮೈಕಣ್ಣ ತೋರುಬೆರಳಿನಿಂದ ಗಂಟಲನ್ನು ತೋರಿಸಿ, ಮಾತು ಬರುವುದಿಲ್ಲವೆಂದು ಸನ್ನೆ ಮಾಡಿದ. ಗಂಟಲು ಕೆಟ್ಟದ್ದಕ್ಕೆ ಅವನಿಗೆ ಮೊದಲ ಬಾರಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಟಿವಿಯಲ್ಲಿ ದೊಡ್ಡ ಗದ್ದಲವಾಯಿತು. ಗೋಡೆ ಹಾರುತ್ತಿದ್ದ ಕಳ್ಳ ಅಳಿಯನ ಕಾಲನ್ನು ಯಾರೋ ಹಿಡಿದೆಳೆದಿದ್ದರು.

ಅತ್ತೆ: ಅವನು ಈಗ ಸಿಕ್ಕ. ನಮ್ಮನೆಯೋನು ಒಂದು ನಿಮಿಷ ಮುಂಚೆನೇ ಸಿಕ್ಕಿಬಿದ್ದ.

ಮೈಕಣ್ಣ ಮೆಲ್ಲಗೆ ಡಬ್ಬಿಯ ಬಳಿಗೆ ಹೋಗಿ ಟಿವಿಯ ಸದ್ದು ತಗ್ಗಿಸುವಂತೆ ಕೈಮುಗಿದು ಪಿಸುಗುಟ್ಟಿದ.

ಡಬ್ಬಿ: ಕ್ಷಮಿಸಿ. ನಿಮ್ಮ ಪರಿಚಯವಾಗಲಿಲ್ಲ.

ಅವನು ತಿರುಗಿ ಹೆಂಡತಿಯನ್ನು ನೋಡಿದ. ಮಳಿಗೆಯ ಹೊರಗೆ ನಿಂತ ಬಡವ ಒಳಗಿನ ಮಿಠಾಯಿಯನ್ನು ನೋಡುವ ನೋಟ. ಸಿಸ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಕೈ ಕಿವಿಯ ಹಿಂದೆ ಹೋಯಿತು.

ಸಿಸ್ಟರಮ್ಮ (ಮೈಕಿನ ದನಿಯಲ್ಲಿ): ಹ್ಞಂ. ಗೆಳತೀ... ಇಲ್ಲಿರುವಾ... ಈ ವ್ಯಕ್ತಿಯನ್ನೂ... ನಾಳೆಯಿಂದಾ... ಸೇರಿಸಿಕೊಳ್ಳಬೇಕಾಗೀ... ವಿನಂತೀ...

ಡಬ್ಬಿ: ಆಗಲಿ, ಯಜಮಾನರೇ. ನಾಳೆ ಅವರ ಧ್ವನಿಯನ್ನು ಕೇಳಿಸಿಕೊಳ್ಳುತ್ತೇನೆ. ಅವರನ್ನು ಏನೆಂದು ಕರೆಯಲಿ?

ಮೈಕಣ್ಣ ತನ್ನ ಎದೆಯ ಮೇಲೆ ಬೆರಳಿಟ್ಟು, ಬಾಯಿ ಅಗಲಿಸಿ, ಸದ್ದಿಲ್ಲದೆ ‘ಯಜಮಾನ, ಯಜಮಾನ’ ಎಂದು ಹೇಳಿಕೊಟ್ಟ. ಸಿಸ್ಟರಮ್ಮ ಯೋಚಿಸಿದಳು.

ಸಿಸ್ಟರಮ್ಮ (ಮೈಕಿನ ದನಿಯಲ್ಲಿ): ಪ್ರಯಾಣಿಕರೂ...

ಡಬ್ಬಿ: ಸ್ವಾಗತ, ಪ್ರಯಾಣಿಕರೇ. ನಿಮ್ಮ ಪ್ರಯಾಣ ಸುಖಕರವಾಗಿರಲಿ.

ಮೈಕಣ್ಣ ನಡುಮನೆಯ ಮಧ್ಯದಲ್ಲಿ, ಬಸ್ಸು ತಪ್ಪಿಸಿಕೊಂಡವನಂತೆ ನಿಂತೇ ಇದ್ದ. ಅವನ ಬೆನ್ನ ಹಿಂದೆ ಅತ್ತೆ ಕುತ್ತಿಗೆಯನ್ನು ಆ ಕಡೆ ಈ ಕಡೆ ಚಾಚಿ ನೋಡಿದರು. ಏನೂ ಕಾಣಲಿಲ್ಲ. ಕೊನೆಗೆ ಎಡಗೈ ಎತ್ತಿ ಕಿವಿಯ ಹಿಂದೆ ಹಿಡಿದರು.

ಅತ್ತೆ: ಹ್ಞಂ! ಪ್ರಯಾಣಿಕರು ದಯವಿಟ್ಟು ಟಿವಿ ಮುಂದಿನಿಂದ ಸರಿದು ನಿಲ್ಲಬೇಕಾಗಿ ವಿನಂತಿ. ಎಂಜಿನ್ ಬಿಸಿಯಾಗಿದೆ!